ಅಳುವಿನ ತಾಲೀಮು

ನಾನು ಕಥೆ ಹೇಳುವುದನ್ನು ಕಲಿತದ್ದು ಸತ್ತವರ ಮನೆಗಳಲ್ಲಿ. ಅಜ್ಜಿಯ ತೊಡೆಯ ಮೇಲೆ ಮಲಗಿ, ಚುಕ್ಕೆ ಎಣಿಸುತ್ತ ಕಲಿತೆ ಎಂದು ಬರೆದಿದ್ದರೆ ನಿಮಗೂ ಓದಲು ಹಿತವಾಗಿರುತ್ತಿತ್ತು, ನನಗೂ ಒಂದಿಷ್ಟು ಮರ್ಯಾದೆ ಇರುತ್ತಿತ್ತು. ಏನು ಮಾಡಲಿ, ಗಲಗಲಿಯ ನಮ್ಮ ಅಜ್ಜಿಗೆ ಕಥೆ ಬರುತ್ತಿರಲಿಲ್ಲ. ಆಕೆಗೆ ಬರುತ್ತಿದ್ದದ್ದು ಬೈಗುಳ. ಅದರಲ್ಲಿ ಆಕೆಯನ್ನು ಮೀರಿಸುವವರು ಹೊಳೆಯ ಈ ದಂಡೆಗೂ ಇರಲಿಲ್ಲ, ಆ ದಂಡೆಗೂ ಇರಲಿಲ್ಲ.

ಮೊಮ್ಮಕ್ಕಳೇ, ಈಗ ಇದನ್ನು ಬರೆಯಲು ಕಾರಣ ನಿಮ್ಮಲ್ಲೇ ಒಬ್ಬಳು. ನಮ್ಮ ಪಲ್ಲವಿ ಜಮಖಂಡಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳಲ್ಲ, ಅಲ್ಲಿ ಅವರ ಕನ್ನಡ ಸರ್ ವಾರ್ಷಿಕ ಸಂಚಿಕೆಗೆ ಒಂದು ಸಣ್ಣಕಥೆ ಬರೆದು ತರಲು ಹೇಳಿದರಂತೆ. ಹೇಗೆ ಬರೆಯಬೇಕೆಂದು ಒಂದು ಪುಟ ಟಿಪ್ಪಣಿಯನ್ನೂ ಕೊಟ್ಟಿದ್ದರು. ಸಣ್ಣಕಥೆಯ ಮೂಲಾಂಶಗಳು: ಪಾತ್ರ, ಪರಿಸರ, ಕಥಾವಸ್ತು, ಸಂಘರ್ಷ, ದೃಷ್ಟಿಕೋನ, ಆಶಯ. ಚಪ್ಪಲಿ ಬಿಡುವ ಮೊದಲೇ ಆ ಪುಟವನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ಆಯಿ, ಇದರಾಗ ನಿನಗ ಏನರೆ ತಿಳಿತೈತೇನ ನೋಡು."

ನೋಡಿದೆ. ಕಿರಾಣಿ ಅಂಗಡಿಯ ಚೀಟಿಯಂತಿತ್ತು. ಆರು ಸಾಮಾನು ಬರೆದಿದ್ದರು, ಯಾವುದು ಎಷ್ಟು ಎಂದು ಬರೆದಿರಲಿಲ್ಲ. ನಾನು ಗಲಗಲಿಯ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು. ಅಲ್ಲಿ ನಮಗೆ ಕಥೆ ಓದಿಸುತ್ತಿದ್ದರೇ ಹೊರತು ಅದರ ಹೊಟ್ಟೆ ಕೊಯ್ದು ಕರುಳು ತೋರಿಸುತ್ತಿರಲಿಲ್ಲ. ನೇಕಾರರ ಊರಾದ ಬನಹಟ್ಟಿಯ ಸೊಸೆಯಾದ್ದರಿಂದ, ಕಥೆ ಎಂದರೆ ನೇಯ್ಗೆ ಇದ್ದ ಹಾಗೆ ಎಂದು ಹೇಳಿ ಪಾರಾಗಬಹುದಿತ್ತು. ನಮ್ಮೂರಿಗೆ ಬರುವ ಭಾಷಣಕಾರರೆಲ್ಲ ಅದನ್ನೇ ಹೇಳುತ್ತಾರೆ. ಬದುಕು ನೇಯ್ಗೆಯಂತೆ, ಸ್ನೇಹ ನೇಯ್ಗೆಯಂತೆ, ದೇಶವೂ ನೇಯ್ಗೆಯಂತೆ. ಮಗ್ಗದ ಮುಂದೆ ಒಂದು ದಿನ ಕುಳಿತವರು ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಅವರು ಹೇಳುವುದು ಸೊಂಟನೋವಿನ ಸುದ್ದಿ.

ಪುಟವನ್ನು ಎರಡನೆಯ ಸಲ ಓದಿದಾಗ ಮಾತ್ರ ನನಗೆ ನಗು ಬಂತು. ಇದೆಲ್ಲ ನಾನು ಕಂಡದ್ದೇ. ಹೆಸರು ಗೊತ್ತಿರಲಿಲ್ಲ ಅಷ್ಟೆ. ಈ ಆರರಲ್ಲಿ ಹೆಚ್ಚಿನದನ್ನು ನೀಲಕ್ಕ ಒಂದೇ ಉಸಿರಿನಲ್ಲಿ ಮಾಡುತ್ತಿದ್ದಳು, ಅದೂ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ.

ನೀಲಕ್ಕ ಎಂದರೆ ನಿಮ್ಮ ದೊಡ್ಡಾಯಿ. ನನ್ನ ಗಂಡನ, ಅಂದರೆ ನಿಮ್ಮ ಮುತ್ಯಾನ, ಅಣ್ಣನ ಹೆಂಡತಿ, ನನ್ನ ಹಿರಿಯ ನೆಗೆಣ್ಣಿ. ನಿಮಗೆ ಆಕೆ ಮೂಲೆಯ ಮಂಚದ ಮೇಲೆ ಕುಳಿತು ಎಲೆ ಕುಟ್ಟುವ ಮುದುಕಿ. ನಮ್ಮ ಕಾಲಕ್ಕೆ ಆಕೆ ಈ ಸೀಮೆಯ ದೊಡ್ಡ ಕಲಾವಿದೆ. ಆಕೆಯ ಕಲೆ ಹಾಡ್ಯಾಡಿ ಅಳುವುದು. ಸತ್ತವರ ಮನೆಯಲ್ಲಿ ಹೆಂಗಸರು ಬರೀ ಕಣ್ಣೀರು ಹಾಕಿದರೆ ನಮ್ಮಲ್ಲಿ ಅದನ್ನು ಅಳು ಎನ್ನುತ್ತಿರಲಿಲ್ಲ. ಮಾತು ಕಟ್ಟಿ, ರಾಗ ಎಳೆದು, ಹೋದವರ ಬದುಕನ್ನೆಲ್ಲ ಅವರ ಎದುರಿಗೇ ಹೇಳಿಕೊಂಡು ಅಳಬೇಕು. ಎದುರಿಗೇ ಎಂದೆ, ಏಕೆಂದರೆ ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂ ಹಾಕಿ, ಗೋಡೆಗೆ ಆನಿಸಿ ಕೂಡ್ರಿಸುತ್ತಾರೆ. ಅಷ್ಟು ಗಂಭೀರವಾಗಿ, ನಡುವೆ ಬಾಯಿ ಹಾಕದೆ ಕೇಳುವ ಶ್ರೋತೃ ಯಾವ ಕಥೆಗಾರನಿಗೂ ಸಿಗಲಿಕ್ಕಿಲ್ಲ.

ಸುತ್ತ ಕುಳಿತವರು ಮಾತ್ರ ಹಾಗಲ್ಲ. ಅವರು ಅಳುತ್ತಲೇ ಅಂಕ ಹಾಕುತ್ತಿದ್ದರು. "ಹಿರೀ ಮಗಳ ಅಳು ಏನೂ ಸುಖಾ ಇಲ್ಲ ಬಿಡ," ಎಂದು ಮರುದಿನ ನೀರಿನ ನಳದ ಹತ್ತಿರ ತೀರ್ಪು ಹೊರಬೀಳುತ್ತಿತ್ತು.

ಪರಿಸರ ಎಂಬುದು ಇದೇ. ಇನ್ನು ಚೀಟಿಯ ಮೊದಲನೆಯ ಸಾಮಾನು, ಪಾತ್ರ. ಹೋದವನು ಒಳ್ಳೆಯವನಿದ್ದ ಎಂದು ನೀಲಕ್ಕ ಯಾವತ್ತೂ ಅಳಲಿಲ್ಲ. ಆ ದಿನದ ಮಟ್ಟಿಗೆ ಎಲ್ಲರೂ ಒಳ್ಳೆಯವರೇ, ಅದರಲ್ಲಿ ಹೇಳುವುದೇನಿದೆ? ನಮ್ಮ ಓಣಿಯ ಒಬ್ಬ ಹಿರಿಯರು ಬಲು ಸಂಶಯದ ಮನುಷ್ಯ. ಮನೆಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋಗಿ, ತಿರುಗಿ ಬಂದು ಜಗ್ಗಿ ನೋಡುವವರು. ಅವರು ಹೋದ ದಿನ ನೀಲಕ್ಕ ಬಾಗಿಲಲ್ಲಿ ನಿಂತು ರಾಗ ತೆಗೆದಳು: "ಮೂರ ಸರತಿ ಬೀಗಾ ಜಗ್ಗಿ ನೋಡಾಂವ ನಮ್ಮಪ್ಪಾ, ಇವತ್ತ ಬಾಗಲಾ ತಗದಿಟ್ಟ ಎತ್ತಾಗ ಹೊಂಟ್ಯೋ..." ಅವರ ಸೊಸೆಯರೂ ಅತ್ತರು. ಅವರು ಅಳುವ ಯೋಚನೆಯಲ್ಲೇ ಇರಲಿಲ್ಲ.

ಕಥಾವಸ್ತು ಎಂದರೆ ಏನೆಂದು ಕೇಳಿದರೆ ನಾನು ಚಿಮ್ಮಡದ ಘಟನೆ ಹೇಳುತ್ತೇನೆ. ಅಲ್ಲಿ ದೂರದ ಬೀಗರ ಮನೆಯಲ್ಲಿ ಅಣ್ಣ ತಮ್ಮ ಇಬ್ಬರು. ಅಣ್ಣ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ. ಆ ಮನೆಯಲ್ಲಿ ತೀರಿಕೊಂಡರು ಎಂದು ಸುದ್ದಿ ಬಂದಾಗ, ಯಾರು ಎಂದು ನಾವು ಕೇಳಲೇ ಇಲ್ಲ. ಕೇಳುವುದೇನಿದೆ! ಆಟೋದಲ್ಲಿ ಹೋಗುವಾಗಲೇ ನೀಲಕ್ಕ ಅಣ್ಣನ ಮೇಲೆ ಮಾತು ಕಟ್ಟಿಕೊಂಡಳು. ಓಣಿಯ ತಿರುವಿನಲ್ಲಿ ಇಳಿದು ಸೆರಗು ಎಳೆದುಕೊಂಡು ಶುರು ಮಾಡಿದಳು. ಅಪ್ಪ ಸತ್ತ ಮೇಲೆ ಮನೆ ಹೊತ್ತವನು, ಮೂವರು ತಂಗಿಯರ ಲಗ್ನ ಮಾಡಿ ತಾನು ಹಳೆಯ ಧೋತರದಲ್ಲೇ ತಿರುಗಿದವನು... ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದ ಆ ಅಣ್ಣ ಇದನ್ನೆಲ್ಲ ಕೇಳಿಸಿಕೊಂಡ. ಸತ್ತವನು ತಮ್ಮ, ಒಮ್ಮಿಂದೊಮ್ಮೆಲೇ. ಯಾರೋ ನೀಲಕ್ಕನನ್ನು ತಡೆಯಲು ಎದ್ದರೆ ಅಣ್ಣನೇ ಕೈ ಅಡ್ಡ ಹಿಡಿದ.

"ತಡೀರಿ, ಮುಗಸಲಿ. ಇಷ್ಟ ದಿವಸದಾಗ ಯಾರೂ ಅಂದಿಲ್ಲ."

ಆಗ ನೀಲಕ್ಕ ಆತನನ್ನು ನೋಡಿದಳು. ನಾನಾಗಿದ್ದರೆ ಅಲ್ಲೇ ಕುಸಿದು, ಎರಡನೆಯ ಹೆಣವಾಗಿ ಗೋಡೆಗೆ ಒರಗುತ್ತಿದ್ದೆ. ಆಕೆ ರಾಗವನ್ನು ಮುರಿಯಲೇ ಇಲ್ಲ. ಅದೇ ಉಸಿರಿನಲ್ಲಿ ಒಳಗೆ ತಿರುಗಿ, "ಹಿಂಥಾ ಅಣ್ಣನ್ನ ಬಿಟ್ಟ ಹೆಂಗ ಹೋದ್ಯೋ ತಮ್ಮಾ..." ಎಂದಳು. ಕಥೆಗೆ ಅನಿರೀಕ್ಷಿತ ತಿರುವು ಇರಬೇಕು ಎಂದು ಪಲ್ಲವಿಯ ಸರ್ ಬರೆಸಿದ್ದಾರೆ. ತಿರುವು ಓದುವವರಿಗೆ ಮಾತ್ರವಲ್ಲ, ಹೇಳುವವರಿಗೂ ಅನಿರೀಕ್ಷಿತವಾಗಿರಬಹುದು ಎಂದು ಬರೆಸಿಲ್ಲ.

ಆಶಯ ಎಂಬುದು ನೀಲಕ್ಕನ ಅಳುವಿನಲ್ಲಿ ಇರಲಿಲ್ಲ. ಅದನ್ನು ಆಮೇಲೆ ಅಯ್ಯನವರು ಹೇಳುತ್ತಿದ್ದರು, ದೇಹ ನಶ್ವರ ಎಂದು. ಆ ಹೊತ್ತಿಗೆ ಮಂದಿ ತಮ್ಮ ತಮ್ಮ ಚಪ್ಪಲಿ ಹುಡುಕುತ್ತಿರುತ್ತಿದ್ದರು.

ಇನ್ನು ಸಂಘರ್ಷ. ಅದು ಬಂದದ್ದು ನನ್ನ ತಲೆಯ ಮೇಲೆಯೇ.

ನಮ್ಮ ಅತ್ತೆ ತೀರಿಕೊಂಡಾಗ ನಾನು ಮನೆಯಲ್ಲಿರಲಿಲ್ಲ. ಗಲಗಲಿಯಲ್ಲಿ ನನ್ನ ಅಣ್ಣನ ಮಗನ ಹೆಸರಿಡುವ ಕಾರ್ಯವಿತ್ತು. ಅತ್ತೆ ಹಾಸಿಗೆಯಲ್ಲಿದ್ದರು. ನಾನು ಒಲ್ಲೆ ಎಂದರೂ ಅವರೇ ಬೈದು ಕಳಿಸಿದರು. "ನಾ ಏನ ಇವತ್ತ ಸಾಯಂಗಿಲ್ಲ, ಹೋಗಿ ಬಾ," ಎಂದರು. ಜೀವನದಲ್ಲಿ ಅವರು ಮಾತು ತಪ್ಪಿದ್ದು ಅದೊಂದೇ ಸಲ. ಕಾರ್ಯದ ಮುಂಜಾನೆಯೇ ಸುದ್ದಿ ಬಂತು. ನಾನು ಉಟ್ಟ ಸೀರೆಯಲ್ಲೇ ಓಡಿ ಬಂದೆ. ಬಾಗಿಲಿಗೆ ಬಂದಾಗ ಮನೆ ತುಂಬ ಮಂದಿ, ನಡುವೆ ನೀಲಕ್ಕನ ಅಳು ರಂಗೇರಿತ್ತು.

"ಗುಟುಕ ನೀರ ಬೇಡಿದೆಲ್ಲ ನಮ್ಮತ್ತೀ, ಕಿರೀ ಸೊಸಿ ತವರಾಗ ಹೋಳಗಿ ಉಣ್ಣಾಕ ಹೋಗಿದ್ದಳಲ್ಲ ನಮ್ಮತ್ತೀ..."

ಮಂದಿಯೆಲ್ಲ ತಿರುಗಿ ನನ್ನನ್ನು ನೋಡಿದರು. ನನ್ನ ಬಾಯಲ್ಲಿ ಆ ದಿನ ಒಂದು ಗುಟುಕು ಚಹಾ ಕೂಡ ಬಿದ್ದಿರಲಿಲ್ಲ. ಹೇಳಬೇಕಿತ್ತು. ನಿಮಗೆ ಗೊತ್ತಲ್ಲ, ನಾಲ್ಕು ಜನ ನೋಡಿದರೆ ನನ್ನ ನಾಲಿಗೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತದೆ. ಸುಮ್ಮನೆ ಹೋಗಿ ಅತ್ತೆಯ ಕಾಲ ಬಳಿ ಕುಳಿತೆ. ಆ ಸಾಲು ರಬಕವಿಗೆ ಹೋಯಿತು, ಮುಧೋಳದ ಬೀಗರಿಗೆ ಹೋಯಿತು. ಸಂತೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು, "ಹೋಳಗಿ ಉಂಡಾಕಿ ನೀನ ಏನ?" ಎಂದು ಕೇಳಿದಳು. ಅಂದಿನಿಂದ ನಾನು ಹೋಳಿಗೆ ತಿಂದಿಲ್ಲ. ನನಗೆ ಸಕ್ಕರೆ ಕಾಯಿಲೆ ಎಂದು ನೀವೆಲ್ಲ ತಿಳಿದಿದ್ದೀರಿ. ನನ್ನ ಸಕ್ಕರೆ ಸರಿಯಾಗಿಯೇ ಇದೆ.

ಒಂಬತ್ತು ವರ್ಷ ನಾನು ನೀಲಕ್ಕನ ಜೊತೆ ಮಾತಾಡಲಿಲ್ಲ. ಒಂದೇ ಮನೆ, ಒಂದೇ ಒಲೆ. ಆಕೆ ರೊಟ್ಟಿ ಬಡಿಯುತ್ತಿದ್ದಳು, ನಾನು ಬೇಯಿಸುತ್ತಿದ್ದೆ, ನಡುವೆ ಒಂದು ಮಾತಿಲ್ಲ. ಸದಾ ಮೂಕಿಯಂತಿರುವವಳು ಮಾತು ಬಿಟ್ಟರೆ ಆಗುವ ತೊಂದರೆ ಏನೆಂದರೆ, ಬಿಟ್ಟಿದ್ದಾಳೆ ಎಂದು ಯಾರಿಗೂ ತಿಳಿಯುವುದೇ ಇಲ್ಲ. ಮೊದಲ ಎರಡು ವರ್ಷ ನೀಲಕ್ಕನಿಗೇ ತಿಳಿದಿರಲಿಲ್ಲ ಎಂದು ನನ್ನ ಅನುಮಾನ. ಕೊನೆಗೆ ಒಂದು ದಿನ ಆಕೆ ಬೆನ್ನು ತಿರುಗಿಸಿ ನಿಂತಿದ್ದಾಗ, "ಯಕ್ಕಾ, ಹಾಲ ಉಕ್ಕತೈತಿ!" ಎಂದು ಕೂಗಿಬಿಟ್ಟೆ. ಒಂಬತ್ತು ವರ್ಷದ ಹಟ ಒಂದು ಸೇರು ಹಾಲಿಗೆ ಹೋಯಿತು. ಆಮೇಲೆ ಮಾತು ನಡೆಯಿತು. ಹೋಳಿಗೆಯ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ನಿಮ್ಮ ಮುತ್ಯಾ ಹೋದಾಗ, ಹೆಂಡತಿ ಅಳಲಿ ಎಂದು ಮನೆ ತುಂಬ ಮಂದಿ ಕಾದು ಕುಳಿತರು. ನನ್ನ ಬಾಯಿಂದ ಒಂದು ಶಬ್ದ ಹೊರಡಲಿಲ್ಲ. ನೀಲಕ್ಕ ನನ್ನನ್ನು ತೋಳಿನಲ್ಲಿ ಅವುಚಿಕೊಂಡು, ನನ್ನ ಪಾಲಿನದನ್ನೂ ತಾನೇ ಅತ್ತಳು. ಅದು ಬಲು ಚೆನ್ನಾಗಿತ್ತು ಎಂದು ಈಗಲೂ ಹೇಳುತ್ತಾರೆ. ನನಗೇನೂ ಕೇಳಿಸಿರಲಿಲ್ಲ.

ಈಗ ನೀಲಕ್ಕನಿಗೆ ಎಂಬತ್ತು ದಾಟಿದೆ, ಒಂದು ಚಿಂತೆ ಹತ್ತಿದೆ. ಸಾಯುವ ಚಿಂತೆಯಲ್ಲ, ಅದಕ್ಕೆ ತಯಾರಿದ್ದಾಳೆ, ಉಡಿಸಬೇಕಾದ ಸೀರೆಯನ್ನೂ ತೆಗೆದಿಟ್ಟಿದ್ದಾಳೆ. ಹೋದ ತಿಂಗಳು ರಬಕವಿಯ ಒಂದು ಸಾವಿಗೆ ಹೋಗಿ ಬಂದಳು. ಅಲ್ಲಿ ಸೊಸೆಯರು ಕರವಸ್ತ್ರ ಹಿಡಿದು ಸಪ್ಪಳಿಲ್ಲದೆ ಅತ್ತರಂತೆ. ಮೂಲೆಯಲ್ಲಿ ಒಂದು ಸ್ಪೀಕರ್ ಇಟ್ಟು ಮೊಬೈಲಿನಿಂದ ಭಜನೆ ಹಚ್ಚಿದ್ದರಂತೆ, ನಡುನಡುವೆ ಅದರಲ್ಲಿ ಸೋಪಿನ ಜಾಹೀರಾತು ಬರುತ್ತಿತ್ತಂತೆ. ಮನೆಗೆ ಬಂದವಳೇ ನನ್ನ ಮುಂದೆ ಕುಳಿತಳು.

"ಶಾಂತಾ, ನನ್ನನ್ನೂ ಹಂಗ ಸೋಪ ಹಚ್ಚಿ ಕಳಸ್ತಾರಬೇ. ನನ್ನ ಸೊಸ್ಯಾರಿಗೆ ಎರಡ ಮಾತ ಕೂಡಿಸಾಕ ಬರಂಗಿಲ್ಲ. ನೀನ ಅಳಬೇಕ ನನಗ."

"ನನಗ ಬಾಯಿ ಎಲ್ಲೈತಿ ಯಕ್ಕಾ?"

"ನಿನ್ನ ಗಂಡ ಹೋದಾಗ ನಿಂದೂ ನಾನ ಅತ್ತೇನಿ. ಈಗ ಕಲಿ. ನಾಳಿಂದ ತಾಲೀಮ."

ತಾಲೀಮು ಎಂದರೆ ತಾಲೀಮೇ. ಮರುದಿನ ಮಧ್ಯಾಹ್ನ, ಗಂಡುಮಕ್ಕಳೆಲ್ಲ ಮಗ್ಗದ ಮನೆಯಲ್ಲಿದ್ದಾಗ, ನೀಲಕ್ಕ ಪಡಸಾಲೆಯ ಬಾಗಿಲು ಹಾಕಿಸಿದಳು. ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಗೋಡೆಗೆ ಆನಿ, ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಿದಳು. ಉಸಿರಾಡುತ್ತಿದ್ದಳು ಎನ್ನುವುದನ್ನು ಬಿಟ್ಟರೆ ಯಾವ ಕೊರತೆಯೂ ಇರಲಿಲ್ಲ. ಪಲ್ಲವಿ ಕಾಲೇಜಿಗೆ ರಜೆ ಹಾಕಿ, ಸರ್ ಕೊಟ್ಟ ಪುಟವನ್ನು ತೊಡೆಯ ಮೇಲೆ ಹರಡಿಕೊಂಡು ಪಕ್ಕಕ್ಕೆ ಕುಳಿತಳು.

ನಾನು ಸೆರಗು ಎಳೆದುಕೊಂಡು ಸಣ್ಣ ದನಿಯಲ್ಲಿ ಶುರು ಮಾಡಿದೆ. "ಬಾಳ ಚಲೋ ಇದ್ದೆಲ್ಲ ಯಕ್ಕಾ, ಎಲ್ಲಾರಿಗೂ ಬೇಕಾಗಿದ್ದೆಲ್ಲ ಯಕ್ಕಾ..."

ಹೆಣ ಒಂದು ಕಣ್ಣು ತೆರೆಯಿತು. "ನಡತಿ ಉತ್ತಮ ಅಂತ ಬರದ ಕೊಡಾಕ ನಾ ಏನ ಸಾಲಿ ಬಿಟ್ಟ ಹೊಂಟೇನೇನಬೇ? ನನ್ನನ್ನ ನೋಡಿ ಅಳು."

ನೋಡಿದೆ. ಅರವತ್ತು ವರ್ಷದ ಹತ್ತಿರ ಜೊತೆಗೆ ಬಾಳಿದ ಹೆಂಗಸು. ಸಂತೆಯಲ್ಲಿ ಒಂದು ಬದನೆಕಾಯಿಯನ್ನೂ ಹಿಚುಕಿ, ಹೊರಳಿಸಿ, ಮಾರುವವಳ ಮೂರು ತಲೆಮಾರು ವಿಚಾರಿಸದೆ ಕೊಂಡವಳಲ್ಲ. ಅದು ನೆನಪಾದದ್ದೇ ಬಾಯಿಗೆ ಬಂತು: "ಸಂತಿ ಬದನಿಕಾಯಿ ಒಂದೂ ನಂಬಲಿಲ್ಲ ನಮ್ಮಕ್ಕಾ, ಈ ಗ್ವಾಡಿ ಹೆಂಗ ನಂಬಿ ಒರಗೀದಿಯವ್ವಾ..."

"ಹಾಂ," ಎಂದಿತು ಹೆಣ. "ಈಗ ಬಂತು ನೋಡ."

ಪಲ್ಲವಿ ನಕ್ಕು, ಪಾತ್ರ ಎಂಬುದರ ಮುಂದೆ ಗುರುತು ಹಾಕಿದಳು. ನನಗೂ ಹುರುಪು ಬಂತು. ಆಕೆ ಎಲೆ ಕುಟ್ಟುವುದನ್ನು ಹಾಡಿ ಅತ್ತೆ, ಚಿಮ್ಮಡದ ಆಟೋವನ್ನೂ ಹಾಡಿ ಅತ್ತೆ. ಜನರಿಲ್ಲದ ಕಡೆ ನನಗೂ ನಾಲಿಗೆ ಇದೆ ಎಂದು ಈ ವಯಸ್ಸಿನಲ್ಲಿ ತಿಳಿದು ಬಂತು. ಆಗ ಪಲ್ಲವಿ ಪುಟ ನೋಡಿ ತಲೆ ಎತ್ತಿದಳು.

"ಎಲ್ಲಾ ಚಲೋ ಐತಿ ಆಯಿ. ಸಂಘರ್ಷ ಒಂದ ಇಲ್ಲ."

"ಹಂಗಂದ್ರ ಏನ?" ಎಂದಳು ನೀಲಕ್ಕ.

"ಜಗಳ, ದೊಡ್ಡಾಯಿ. ಜಗಳ ಇಲ್ಲದ ಕಥಿ ಆಗಂಗಿಲ್ಲಂತ."

ನೀಲಕ್ಕ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. "ಅದ ಬ್ಯಾಡ. ಮುಂದ ನಡಿ."

ನಾನು ಮುಂದೆ ನಡೆಯಬೇಕಿತ್ತು. ಗಂಡ ಸತ್ತಾಗ ಬಾರದ ದನಿ, ಅತ್ತೆಯ ಹೆಣದ ಮುಂದೆ ಬಾರದ ದನಿ, ಅದೇಕೋ ಆ ಮಧ್ಯಾಹ್ನ ಬಂದುಬಿಟ್ಟಿತ್ತು. ಬಂದದ್ದನ್ನು ತಿರುಗಿ ಒಳಗೆ ಕಳಿಸುವುದು ನನಗೆ ಅಭ್ಯಾಸವಿರಲಿಲ್ಲ. ರಾಗ ಎಳೆದೇಬಿಟ್ಟೆ. "ಅತ್ತಿ ಕಳಿಸಿದಳಂತ ಗಲಗಲಿಗೆ ಹೋದ್ನಿ ಯಕ್ಕಾ, ನಾ ಉಣ್ಣದ ಹೋಳಗಿ ಊರಿಗೆಲ್ಲಾ ಉಣಿಸಿದೆಲ್ಲ ಯಕ್ಕಾ..."

ಪಲ್ಲವಿಯ ಪೆನ್ನು ನಿಂತಿತು. ನೀಲಕ್ಕ ಕಣ್ಣು ತೆರೆದಳು. ಈ ಸಲ ಹೆಣದ ಹಾಗೆ ಅಲ್ಲ.

"ಅತ್ತಿ ನೀರ ಬೇಡಿದಾಗ ನಾನೂ ಇರಲಿಲ್ಲ ಶಾಂತಾ," ಎಂದಳು. "ಬಾಜೂ ಮನ್ಯಾಗ ಹೊಸಾ ಟಿವಿ ತಂದಿದ್ರ. ಆಕಿಗೆ ನಿದ್ದಿ ಹತ್ತೇತಿ, ಒಂದೀಟ ನೋಡಿ ಬರೂಣಂತ ಹೋದ್ನಿ. ಬರೂದ್ರಾಗ ಜೀವ ಹೋಗಿತ್ತ, ತಂಬಿಗಿ ನೆಲದ ಮ್ಯಾಲ ಉರುಳಿ ಬಿದ್ದಿತ್ತು. ತಾನ ತಗೊಳಾಕ ನೋಡ್ಯಾಳ. ಅಷ್ಟ ಮಂದ್ಯಾಗ ಅಳಾಕ ಕುಂತ್ನಿ. ಬಾಯಿ ತಗದ್ರ ನನ್ನ ಹೆಸರ ಬರತಿತ್ತು. ಅಂಜಿ ನಿನ್ನ ಹೆಸರ ಅಡ್ಡ ಹಿಡದ್ನಿ."

ದೃಷ್ಟಿಕೋನ ಎಂದರೆ ಏನೆಂದು ಪಲ್ಲವಿಯ ಪುಟದಲ್ಲಿ ಮೂರು ಸಾಲು ಇವೆ. ಹೇಳುವವರು ಬದಲಾದರೆ ಕಥೆ ಬದಲಾಗುತ್ತದೆ ಎಂದು ಅದರ ಸಾರ. ಇಷ್ಟು ವರ್ಷ ನಾನು ಆ ಕಥೆಯನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡವಳ ಕಡೆಯಿಂದಲೇ ಹೇಳಿಕೊಂಡಿದ್ದೆ. ಅದರಲ್ಲಿ ನೀಲಕ್ಕ ಹೊಟ್ಟೆಕಿಚ್ಚಿನ ಹೆಂಗಸು, ನಾನು ಪಾಪದವಳು. ಒಳಗೆ ಕುಳಿತು ಅಳುತ್ತಿದ್ದವಳ ಕಡೆಯಿಂದ ಒಮ್ಮೆಯೂ ನೋಡಿರಲಿಲ್ಲ. ಅಲ್ಲಿ ಒಂದು ತಂಬಿಗೆ ಇತ್ತು. ನಾನು ಬಿಟ್ಟದ್ದು ಹೋಳಿಗೆ. ಆಕೆ ಬಾಜೂ ಮನೆಯ ಹೊಸ್ತಿಲು ತುಳಿದದ್ದನ್ನು ಆಮೇಲೆ ನಾನು ಕಂಡಿಲ್ಲ, ಮಕ್ಕಳು ಟಿವಿ ತಂದ ಮೇಲೂ ಆಕೆ ಅದಕ್ಕೆ ಬೆನ್ನು ಹಾಕಿಯೇ ಕುಳಿತಳು. ಕಣ್ಣಿಗೆ ನೀರು ಬರುತ್ತದೆ ಎನ್ನುತ್ತಿದ್ದಳು. ಖರೆಯೇ ಹೇಳುತ್ತಿದ್ದಳು.

"ಇನ್ನ ಖರೇದ್ದ ಹೇಳಿ ಅಳು," ಎಂದಳು ನೀಲಕ್ಕ. "ಟಿವಿ ನೋಡಾಕ ಹೋಗಿದ್ದಳಂತ ಅಳು. ಮಂದಿ ಕೇಳಲಿ. ನಾ ಅಂತೂ ಕೇಳಾಕ ಇರಂಗಿಲ್ಲ."

ಹೇಳಿದ್ದು ಗಟ್ಟಿ ದನಿಯಲ್ಲೇ. ಮಡಿಲಲ್ಲಿದ್ದ ಕೈ ಮಾತ್ರ ಸೆರಗಿನ ಚುಂಗನ್ನು ಬಿಡಿಸುತ್ತಲೂ ಸುತ್ತುತ್ತಲೂ ಇತ್ತು. ಊರಿಗೆಲ್ಲ ಅತ್ತವಳು ತನ್ನ ಸಾವಿನ ದಿನ ನೀರು ಕೊಡದ ಸೊಸೆಯಾಗಿ ಗೋಡೆಗೆ ಒರಗಿ ಕೂರಬೇಕಾಗಿತ್ತು. ಬಾಯಿ ನನ್ನದು. ಕೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಬನಹಟ್ಟಿಯಲ್ಲಿ ಯಾವ ನೆಗೆಣ್ಣಿಗೂ ಸಿಕ್ಕಿರಲಿಕ್ಕಿಲ್ಲ.

ನಾನು ಸೆರಗು ಸರಿಮಾಡಿಕೊಂಡು ಮತ್ತೆ ರಾಗ ತೆಗೆದೆ. "ಅತ್ತಿ ನೀರ ಬೇಡಿದಾಗ ನಾ ತವರಾಗ ಹೋಳಗಿ ಉಣ್ಣಾಕತ್ತಿದ್ನಿ ಯಕ್ಕಾ, ಗುಟುಕ ನೀರ ಹಾಕಿದಾಕಿ ನೀನೊಬ್ಬಾಕಿ ಯಕ್ಕಾ..."

"ಆಯಿ! ಎರಡೂ ಸುಳ್ಳ ಅದಾವ!" ಎಂದಳು ಪಲ್ಲವಿ.

ಅಷ್ಟು ಮಂದಿಗೆ ಮಾತು ಕಟ್ಟಿ ಅತ್ತ ನೀಲಕ್ಕ ಅಂದು ಒಂದು ಮಾತೂ ಇಲ್ಲದೆ ಅತ್ತಳು, ಆಕೆ ಬೈಯುತ್ತಿದ್ದ ರಬಕವಿಯ ಸೊಸೆಯರ ಹಾಗೆಯೇ. ವಿಭೂತಿಯೆಲ್ಲ ಕೆನ್ನೆಗೆ ಇಳಿಯಿತು. ಆಮೇಲೆ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಹೋಳಗಿ ಅನ್ನೂಕಿಂತ ಮೊದಲ ಒಂದೀಟ ಉಸರ ಹಿಡಿ. ಮಂದಿ ಅಲ್ಲೇ ಅಳ್ತಾರ."

ಪಲ್ಲವಿಗೆ ಇದನ್ನು ಕಥೆ ಮಾಡಬೇಡ ಎಂದು ಆಣೆ ಹಾಕಿದೆ. ಆಕೆ ಪರಿಸರ ಮಾಲಿನ್ಯದ ಮೇಲೆ ಒಂದು ಕಥೆ ಬರೆದು ಕೊಟ್ಟಳು. ಅದರಲ್ಲಿ ಆರೂ ಅಂಶಗಳು ಇವೆಯೆಂದು ಸರ್ ಮೆಚ್ಚಿಕೊಂಡರಂತೆ. ನಾನು ಬರೆಯುತ್ತಿರುವುದು ನಿಮಗೆ ಮಾತ್ರ, ಅದೂ ನೀಲಕ್ಕನನ್ನು ಕೇಳಿಯೇ. "ಬರಿ, ಮನಿ ಹುಡುಗರಿಗೆ ತಿಳಿದಿರಲಿ," ಎಂದಳು.

ನಿಮಗೆ ಇದನ್ನು ತಿಳಿಸಲು ಕಾರಣವಿದೆ. ಆ ದಿನ ಬಂದಾಗ, ಮನೆ ತುಂಬ ಮಂದಿಯ ನಡುವೆ ನನ್ನ ನಾಲಿಗೆ ಚಿಲಕ ತೆಗೆಯುತ್ತದೋ ಇಲ್ಲವೋ ನನಗೇ ಭರವಸೆಯಿಲ್ಲ. ತೆಗೆದರೆ, ನೀವು ಹೊರಗೆ ನಿಂತಲ್ಲಿಂದ ಒಂದು ಸುಳ್ಳನ್ನು ಕೇಳುತ್ತೀರಿ. ನಿಮ್ಮ ಆಯಿ, ಅತ್ತೆ ಸಾಯುವಾಗ ತಾನು ಹೋಳಿಗೆ ಉಣ್ಣುತ್ತಿದ್ದೆ ಎಂದು ಊರಿಗೆಲ್ಲ ಕೇಳಿಸುವಂತೆ ಹಾಡ್ಯಾಡಿ ಅಳುತ್ತಿರುತ್ತಾಳೆ. ಆಗ ನಿಮ್ಮಲ್ಲಿ ಓದಿದವರು ಯಾರಾದರೂ ಎದ್ದು ಬಂದು ತಿದ್ದಬೇಡಿ. ನಡೆದದ್ದನ್ನು ನಡೆದ ಹಾಗೆಯೇ ಹೇಳಬೇಕೆನ್ನುವವರಿಗೆ ಜಮಖಂಡಿಯಲ್ಲಿ ಕೋರ್ಟು ಇದೆ, ದಿನಾ ಬಸ್ಸೂ ಇದೆ.